ಗಂಟೆ ಬಾರಿಸಿದಾಗ ಎದ್ದು ನಿಂತವರು

ಮೈಸೂರಿನ ಕಾಲೇಜುಗಳಲ್ಲಿ ಭೌತಶಾಸ್ತ್ರವನ್ನು ಸೊಗಸಾಗಿ ಬೋಧಿಸಿದವರು ಹಲವರಿದ್ದಾರೆ; ಆದರೆ ಪರೀಕ್ಷಾ ಕೊಠಡಿಯೆಂಬ ಭಯದ ಮನೆಗೆ ಒಂದು ಕಿಟಕಿಯನ್ನಿರಿಸಿದವರು ಯಾರೆಂದು ಕೇಳಿದರೆ, ಹಳೆಯ ವಿದ್ಯಾರ್ಥಿಗಳೆಲ್ಲ ಪ್ರೊ. ಚೆಲುವರಾಜು ಅವರತ್ತ ಕೈ ತೋರುತ್ತಾರೆ. ಅರುವತ್ತೈದು ತುಂಬಿದ ಈ ಹಿರಿಯರ ಅಭಿನಂದನ ಸಂಪುಟದಲ್ಲಿ ಅವರ ಸೇವೆಯೊಂದಿಗೆ ಅವರ ಒಂದು ಸೋಲನ್ನೂ ನೆನೆಯಬೇಕು. ಅದರ ಮೇಲೆ ಅವರಿಗೀಗ ಅಭಿಮಾನವೇ ಹೆಚ್ಚು.

ನಂಜನಗೂಡಿನ ಬಳಿಯ ಬೇಸಾಯದ ಮನೆಯಿಂದ ಬಂದು 1985ರಲ್ಲಿ ಅಧ್ಯಾಪಕರಾದ ಚೆಲುವರಾಜು ಅವರು, ಮೂವತ್ತಾರು ವರ್ಷಗಳ ಸೇವೆಯಲ್ಲಿ ಇಪ್ಪತ್ತೆರಡು ವರ್ಷ ಪರೀಕ್ಷೆಗಳ ಮುಖ್ಯ ಅಧೀಕ್ಷಕರಾಗಿದ್ದರು. ಎಚ್ಚರಿಕೆಯ ಗಂಟೆ ಬಾರಿಸುತ್ತಲೇ ಎದ್ದು, ಸಾಲುಸಾಲಿನ ನಡುವೆ ನಡೆದು, ಉತ್ತರಪತ್ರಿಕೆಯ ಹಾಳೆಗಳಿಗೆ ದಾರ ಕಟ್ಟಲು ವಿದ್ಯಾರ್ಥಿಗಳಿಗೆ ನೆರವಾಗುತ್ತಿದ್ದರು. ಫಲಿತಾಂಶದ ದಿನ ತೇರ್ಗಡೆಯಾದವರ ಗದ್ದಲವನ್ನು ದಾಟಿ, ತಲೆ ತಗ್ಗಿಸಿ ಹೊರಟವರನ್ನು ಹುಡುಕಿ ಕ್ಯಾಂಟೀನಿಗೆ ಕರೆದೊಯ್ಯುತ್ತಿದ್ದರು. ಹಾಗೆ ಹೋದವರಲ್ಲಿ ಒಬ್ಬಳು ಕೃಷ್ಣಮೂರ್ತಿಪುರಂನ ರಂಜನಿ. ಅಳುತ್ತಿದ್ದ ಆಕೆಯ ಮುಂದೆ ಲೋಟವಿರಿಸಿ ಅವರು ಹೇಳಿದ್ದು ಇಷ್ಟೇ: "ಬಿಸಿ ಆರೋದ್ರೊಳಗೆ ಕುಡಿಯಮ್ಮ. ಪರೀಕ್ಷೆ ಮತ್ತೆ ಬರುತ್ತೆ, ಕಾಫಿ ಹಿಂಗೇ ಇರಲ್ಲ."

ನಿವೃತ್ತಿಯ ಮೊದಲ ತಿಂಗಳುಗಳು ಸುಲಭವಾಗಿರಲಿಲ್ಲ. ದಟ್ಟಗಳ್ಳಿಯ ಮನೆಯಲ್ಲಿ ದಿನಗಳು ಯಾರೂ ಬರೆಯದ ಉತ್ತರಪತ್ರಿಕೆಗಳಂತೆ ಒಂದರ ಮೇಲೊಂದು ಬೀಳುತ್ತಿದ್ದವು. ಹತ್ತು ಗಂಟೆಗೆ ಇಸ್ತ್ರಿಯ ಅಂಗಿ ತೊಟ್ಟು ನಿಂತವರನ್ನು ಕಂಡು ಪತ್ನಿ ಭಾಗ್ಯಮ್ಮನವರು, "ಎಲ್ಲಿಗೆ ಹೊರಟ್ರಿ? ಗ್ಯಾಸ್ ಬುಕ್ ಮಾಡೋದು ಬಿಟ್ರೆ ಇವತ್ತು ನಿಮ್ಗೇನೂ ಡ್ಯೂಟಿ ಇಲ್ಲ ಕಣ್ರೀ" ಎಂದು ನಗುತ್ತಿದ್ದರು. ತಂತಿಯ ಕಂಪನವನ್ನು ಇಷ್ಟು ವರ್ಷ ಗಣಿತದಲ್ಲಿ ಬಿಡಿಸಿದರೂ ಒಂದು ತಂತಿಯಿಂದಲೂ ತಾವು ರಾಗ ಹೊರಡಿಸಿಲ್ಲವೆಂಬ ಅರಿವು ಅವರನ್ನು ಕಾಡಿದ್ದು ಆಗಲೇ. ಅರಸಿ ಹೋದದ್ದು ವೀಣೆಯ ಪಾಠವನ್ನು; ಬಾಗಿಲು ತೆರೆದ ಗುರು ಅದೇ ರಂಜನಿ.

ಆಕೆ ಅವರನ್ನು "ಸಾರ್" ಎಂದಳು, ಅವರು ಆಕೆಯನ್ನು "ಮೇಡಮ್" ಎಂದರು. ಮಕ್ಕಳ ಜಮಖಾನೆಯ ತುದಿಯಲ್ಲಿ ಅವರಿಗೆ ಜಾಗವಾಯಿತು. ಹತ್ತು ವರ್ಷದ ಸಹಪಾಠಿ ಲಾಸ್ಯ ಒಮ್ಮೆ, "ತಾತ, ನಿಮ್ ಪಂಚಮ ಬಸ್ ಮಿಸ್ ಮಾಡ್ಕೊಂಡಂಗಿದೆ!" ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಎರಡು ವರ್ಷಗಳ ಬಳಿಕ ಜೂನಿಯರ್ ಸಂಗೀತ ಪರೀಕ್ಷೆ ಬಂತು. ಲಿಖಿತ ಪತ್ರಿಕೆಯಲ್ಲಿ, ಚೆನ್ನಾಗಿ ಬಲ್ಲ ಮಾಯಾಮಾಳವಗೌಳ ರಾಗದ ಪ್ರಶ್ನೆಯನ್ನು ಅವರು ಕಡೆಗೆಂದು ಉಳಿಸಿಕೊಂಡಿದ್ದರು. ಆಗ ಎಚ್ಚರಿಕೆಯ ಗಂಟೆ ಬಾರಿಸಿತು; ಚೆಲುವರಾಜು ಅವರು ಎದ್ದು ನಿಂತರು. "ಎಲ್ಲಾ ದಾರ ಕಟ್ಕೊಳ್ಳಿ. ನೋಂದಣಿ ಸಂಖ್ಯೆ ನೋಡ್ಕೊಳ್ಳಿ" ಎನ್ನುತ್ತ ಸಾಲುಗಳ ನಡುವೆ ನಡೆದೇಬಿಟ್ಟರು. ಆಗತಾನೆ ಬದಲಿಯಾಗಿ ಬಂದಿದ್ದ ಯುವ ಮೇಲ್ವಿಚಾರಕರು ನರೆತ ತಲೆಯನ್ನು ಕಂಡು, ತಪಾಸಣೆಯ ಅಧಿಕಾರಿಯೆಂದೇ ತಿಳಿದು ತಾವೂ ಎದ್ದು ನಿಂತರು. ಕೊನೆಯ ಗಂಟೆಯಾಗಿ, ಪತ್ರಿಕೆಗಳನ್ನೆಲ್ಲ ಕ್ರಮವಾಗಿ ಜೋಡಿಸಿಕೊಳ್ಳುತ್ತ ಬಂದ ಚೆಲುವರಾಜು ಅವರು ಒಂದು ಖಾಲಿ ಆಸನದೆದುರು ನಿಂತರು. ಅದು ಅವರದೇ. ಕಡೆಯ ಪುಟ ಬೆಳ್ಳಗಿತ್ತು.

ನಾಲ್ಕು ಅಂಕ ಕಡಿಮೆಯಾಗಿ ಅವರು ಅನುತ್ತೀರ್ಣರಾದರು. ವೀಣೆ ಗವಸಿನೊಳಗೆ ಹೋಯಿತು. ಇನ್ನು ಜಮಖಾನೆಗೆ ಮರಳಲಾರೆನೆಂದು ಮನಸ್ಸಿನಲ್ಲೇ ತೀರ್ಮಾನಿಸಿ ಹದಿನೈದು ದಿನ ಪಾಠದತ್ತ ಸುಳಿಯಲಿಲ್ಲ. ಭಾಗ್ಯಮ್ಮನವರು ಮಾತ್ರ, "ಜನ್ಮವೆಲ್ಲಾ ಬೇರೆಯೋರ ಪೇಪರ್ ಎತ್ಕೊಂಡ್ರಿ. ನಿಮ್ದನ್ನ ಯಾರು ಬರೀಬೇಕು?" ಎಂದು ಕೇಳಿದರು.

ಹದಿನಾರನೆಯ ದಿನ ರಂಜನಿ ಫ್ಲಾಸ್ಕ್ ಹಿಡಿದು ಬಂದಳು. ಪಾಠದ ಮಾತೆತ್ತಲಿಲ್ಲ. ಲೋಟಕ್ಕೆ ಕಾಫಿ ಬಗ್ಗಿಸಿ ಅವರ ಮುಂದಿಟ್ಟಳು.

"ಬಿಸಿ ಆರೋದ್ರೊಳಗೆ ಕುಡೀರಿ, ಸಾರ್."

ಅಷ್ಟು ವರ್ಷ ತಾವು ಹೇಳಿದ ಮಾತು ಕೇಳುವವರಿಗೆ ಹೇಗೆ ತಾಕುತ್ತಿತ್ತೆಂಬುದು ಅವರಿಗೆ ತಿಳಿದದ್ದು ಅಂದು. ನಿಧಾನವಾಗಿ ಕುಡಿದು, ಲೋಟ ಕೆಳಗಿಟ್ಟು ಕೇಳಿದರು: "ನಾಳೆ ಎಷ್ಟು ಗಂಟೆಗೆ ಬರ್ಲಿ, ಮೇಡಮ್?"

ಮರುವರ್ಷ ಅವರು ಉತ್ತೀರ್ಣರಾದರು. ಈಗ ದಟ್ಟಗಳ್ಳಿಯ ಆ ಬೀದಿಯಲ್ಲಿ ಸಂಜೆ ನಡೆಯುವವರಿಗೆ, ಆಗಾಗ ತಪ್ಪಿ ಮತ್ತೆ ದಾರಿ ಹಿಡಿಯುವ ಒಂದು ವೀಣೆ ಕೇಳಿಸುತ್ತದೆ. ತಪ್ಪಿದಲ್ಲಿ ನಗೆಯೂ ಕೇಳಿಸುತ್ತದೆ.

ಬರುವ ವರ್ಷ ಅವರು ಸೀನಿಯರ್ ಪರೀಕ್ಷೆಗೆ ಕೂರಲಿದ್ದಾರೆ. ಭಾಗ್ಯಮ್ಮನವರೊಡನೆ ಅವರಿಗೆ ಆಯುರಾರೋಗ್ಯಗಳು ತುಂಬಿ ಬರಲಿ, ಬೆರಳುಗಳಲ್ಲಿ ನಾದ ನೆಲೆಸಲಿ. ಗಂಟೆ ಬಾರಿಸಿದಾಗ ಬೇರೆ ಯಾರಾದರೂ ಏಳಲಿ. ನಮ್ಮ ಚೆಲುವರಾಜು ಅವರು ಕುಳಿತೇ ಇರಲಿ, ಅವರು ಬರೆಯುವುದು ಇನ್ನೂ ಇದೆ.