ಸೀಟಿಗೆ ಹಾಕಿದ ಟವೆಲ್ಲು

ಮೊನ್ನೆ ರಾಗಿ ಬೀಸಿಸಲು ಹೋಗಿದ್ದೆ. ಮಿಷನ್ನಿನ ಬಾಯಿಗೆ ಕಟ್ಟಿದ ಬಟ್ಟೆಯ ಚೀಲದಿಂದ ಹಿಟ್ಟು ಬಿಸಿಬಿಸಿಯಾಗಿ ಡಬ್ಬಕ್ಕೆ ಇಳಿಯುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಂಜನಗೂಡಿನಲ್ಲಿರಲಿಲ್ಲ. ಸಮುದ್ರ ದಾಟಿ, ಟೀ ತೋಟಗಳ ನಡುವೆ ಏದುಸಿರು ಬಿಡುತ್ತಾ ಏರುತ್ತಿದ್ದ ಒಂದು ನೀಲಿ ರೈಲಿನಲ್ಲಿದ್ದೆ. ರಾಗಿ ಹಿಟ್ಟಿಗೂ ಶ್ರೀಲಂಕಾದ ರೈಲಿಗೂ ಏನು ಸಂಬಂಧ ಎಂದು ಕೇಳಬಹುದು. ಆ ರೈಲಿನಲ್ಲಿ ನನ್ನ ಜೊತೆಗಿದ್ದವರ ತಲೆಯ ಟವೆಲ್ಲಿನಲ್ಲಿ, ಎಷ್ಟು ಒಗೆದರೂ ಹೋಗದ ಹಾಗೆ, ಇದೇ ವಾಸನೆ ಕೂತಿತ್ತು.

ಬೀದಿಯವರೆಲ್ಲ ಅವರನ್ನು ಮಿಷನ್ ಅಕ್ಕ ಎನ್ನುತ್ತಿದ್ದರು. ನನಗೂ ಅವರು ಅಕ್ಕನೇ. ರೈಲ್ವೆ ಗೇಟಿನ ಹತ್ತಿರದ ಹಿಟ್ಟಿನ ಮಿಲ್ಲು ಅವರ ಗಂಡನದು. ಗಂಡ ತೀರಿಕೊಂಡ ಮೇಲೆ, ಹೆಂಗಸು ಮಿಷನ್ ಓಡಿಸುವುದುಂಟೇ ಎಂದು ಆಡಿಕೊಂಡವರ ರಾಗಿಯನ್ನೂ ನಯವಾಗಿ ಬೀಸಿ ಕೊಡುತ್ತಾ ಒಬ್ಬರೇ ಅದನ್ನು ನಡೆಸಿದರು. ಮಕ್ಕಳಿರಲಿಲ್ಲ. ಹಿಟ್ಟಿನ ದೂಳಿಗೆಂದು ಕೆಂಪು ಚೌಕಳಿಯ ಟವೆಲ್ಲೊಂದನ್ನು ತಲೆಗೆ ಸುತ್ತಿಕೊಂಡಿರುತ್ತಿದ್ದರು. ಆದರೂ ಸಂಜೆ ಮಿಷನ್ ನಿಲ್ಲುವ ಹೊತ್ತಿಗೆ ಹುಬ್ಬು, ರೆಪ್ಪೆ ಎಲ್ಲ ಬೂದು ಬಣ್ಣಕ್ಕೆ ತಿರುಗಿರುತ್ತಿದ್ದವು. ಮುಖ ತೊಳೆದುಕೊಂಡು ವಿಭೂತಿ ಇಟ್ಟುಕೊಂಡಾಗಲೇ ಅವರಿಗೆ ವಯಸ್ಸು ಎಷ್ಟೆಂದು ಗೊತ್ತಾಗುತ್ತಿದ್ದದ್ದು.

ಅವರ ಮಿಲ್ಲಿನಲ್ಲಿ ಯಾರೂ ಕಾಯುತ್ತಾ ನಿಲ್ಲಬೇಕಾಗಿರಲಿಲ್ಲ. ಡಬ್ಬವನ್ನೋ ಚೀಲವನ್ನೋ ಸಾಲಿನಲ್ಲಿ ಇಟ್ಟು ಮನೆಗೆ ಹೋಗಬಹುದಿತ್ತು. ಎಂಥ ದೊಡ್ಡ ಮನುಷ್ಯ ಬಂದು ಅವಸರ ಮಾಡಿದರೂ ಅಕ್ಕ ಸಾಲು ಮುರಿಯುತ್ತಿರಲಿಲ್ಲ. "ಡಬ್ಬ ಮಡಗವ್ರಲ್ಲ, ಆಳೇ ನಿಂತಂಗೆ ಕಣಪ್ಪ. ಆಳ್ನ ತಳ್ಬುಟ್ಟು ಮುಂದಕ್ ಓಯ್ತಿಯಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು.

ನಾನು ತಿ. ನರಸೀಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ದಿನವೂ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿ ಬರುವುದು. ಅಕ್ಕನ ತವರು ನರಸೀಪುರದಾಚೆಯ ಹೆಮ್ಮಿಗೆ ಎನ್ನುವ ಹಳ್ಳಿ. ಮಿಷನ್ನಿಗೆ ರಜೆ ಮಾಡಿದ ದಿನ ತಮ್ಮನ ಮನೆಗೆ ಹೋಗಿ, ಸಂಜೆ ನಾನು ಹಿಡಿಯುವ ಬಸ್ಸಿಗೇ ವಾಪಸಾಗುತ್ತಿದ್ದರು. ಆ ಸಂಜೆಯ ಬಸ್ಸು ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ. ಕಾಲೇಜಿನ ಮಕ್ಕಳು, ಸುತ್ತೂರಿಗೆ ಇಳಿಯುವವರು, ಬಾಳೆಕಾಯಿ ಗೊನೆ, ಕೋಳಿ... ಬಸ್ಸು ಇನ್ನೂ ತಿರುಗಿ ನಿಲ್ಲುತ್ತಿರುವಾಗಲೇ ಅಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಓಡುತ್ತಿದ್ದರು. ತಲೆಯ ಟವೆಲ್ಲು ಬಿಚ್ಚಿ ಕಿಟಕಿಯಿಂದ ಒಳಕ್ಕೆ ಎಸೆದರೆ ಅದು ಸೀಟಿನ ಮೇಲೆಯೇ ಬೀಳುತ್ತಿತ್ತು, ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ. ಆಮೇಲೆ ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ, "ಟೀಚರಮ್ಮ, ಬನ್ನಿ! ಕಿಟ್ಕಿ ತಾವ್ ಆಕಿವ್ನಿ!" ಎನ್ನುತ್ತಿದ್ದರು. ನನ್ನ ಮಂಡಿ ಆಗಲೇ ಕೈಕೊಡಲು ಶುರುವಾಗಿತ್ತು. ಹನ್ನೊಂದು ವರ್ಷ ಆ ಟವೆಲ್ಲಿನ ಮೇಲೆ ಕೂತು ಊರಿಗೆ ಬಂದಿದ್ದೇನೆ. ನಾಚಿಕೆ ಎನ್ನುವುದು ಒಂದು ದಿನವೂ ನನ್ನ ಹತ್ತಿರ ಸುಳಿಯಲಿಲ್ಲ.

ಅಕ್ಕನಿಗೆ ರೈಲೆಂದರೆ ಹುಚ್ಚು. ತವರಿನ ಕಡೆ ರೈಲೇ ಇಲ್ಲ, ಮದುವೆಯಾಗಿ ಬಂದ ಮನೆಯೆದುರು ದಿನಕ್ಕೆ ಎಷ್ಟೋ ಸಲ ರೈಲು ಹೋಗುತ್ತದೆ. ಮಿಷನ್ ಓಡುತ್ತಿದ್ದರೂ ಬಾಗಿಲಿಗೆ ಬಂದು ನೋಡುವವರು. ಮೈಸೂರಿಗೆ ಹೋಗಿಬರುವುದೇನೋ ಇತ್ತು, ಆದರೆ ಅದು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. "ಕೂತು ಕಾಲ್ ನೀಡೋ ಒತ್ಗೆ ಮೈಸೂರು ಬಂದ್ಬುಡ್ತದೆ. ಅದೊಂದು ರೈಲಾ?" ರಾಗಿ ಬೀಸಿಸಲು ಬಂದ ಯಾರದೋ ಮೊಬೈಲಿನಲ್ಲಿ ಶ್ರೀಲಂಕಾದ ಬೆಟ್ಟದ ರೈಲು ಕಂಡ ದಿನ ಅವರು ರಾತ್ರಿಯ ಊಟ ಮರೆತರಂತೆ. ಮರುದಿನ ನನ್ನ ಮನೆಗೇ ಬಂದರು. "ಟೀಚರಮ್ಮ, ಮೋಡ ಬೋಗಿ ಒಳಕ್ಕೇ ಬತ್ತದೆ. ನಿಮಗ್ ಇಂಗ್ಲೀಸ್ ಬತ್ತದೆ, ನಂಗೆ ಸೀಟ್ ಇಡಿಯಾಕ್ ಬತ್ತದೆ. ಒಂದ್ಸಲ ಓಗ್ಬುಟ್ ಬರಾನ."

ನಾನು ರಿಟೈರಾದ ವರ್ಷ ಹೊರಟೇಬಿಟ್ಟೆವು. ಮಿಲ್ಲಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ನನ್ನ ಕೈಯಲ್ಲೇ ಬರೆಸಿದರು: 'ಎಂಟು ದಿನ ಮಿಷನ್ ಇರುವುದಿಲ್ಲ. ಶ್ರೀಲಂಕಾ.' ಇಷ್ಟೇ ಸಾಕೇ ಎಂದು ಕೇಳಿದ್ದಕ್ಕೆ, ಓದಿದವರ ಹೊಟ್ಟೆ ಉರಿಯಲು ಇಷ್ಟು ಸಾಕು ಎಂದರು.

ಕೊಲಂಬೊದಿಂದ ಸಮುದ್ರದ ಅಂಚಿನಲ್ಲೇ ಹೋಗುವ ರೈಲಿನಲ್ಲಿ ನಮ್ಮ ಮೊದಲ ಪ್ರಯಾಣ. ಅಲೆ ಇನ್ನೇನು ಹಳಿಗೇ ಬಂತು ಎನ್ನುವ ಹಾಗೆ ಬರುವುದು, ಅಕ್ಕ ಕಾಲು ಮೇಲೆತ್ತಿಕೊಳ್ಳುವುದು, ನಾವಿಬ್ಬರೂ ನಗುವುದು. ವಡೆ ಮಾರುವವನು ಬಂದ. ಅಕ್ಕ ಆಸೆಯಿಂದ ಕೈಗೆ ತೆಗೆದುಕೊಂಡು ನೋಡಿದರೆ ವಡೆಯ ಮೇಲೆ ಮೀಸೆ ಸಮೇತ ಸೀಗಡಿ ಕೂತಿದೆ. "ಅಯ್ಯೋ ಶಿವನೇ, ಇದು ನನ್ನೇ ನೋಡ್ತಾ ಅದೆ!" ಎಂದು ಅದನ್ನು ಅವನ ಬುಟ್ಟಿಗೇ ಮರಳಿಸಿ, ಕೊರಳಿನ ಲಿಂಗ ಮುಟ್ಟಿಕೊಂಡರು. ಆಮೇಲೆ ಕಡಲೆಕಾಯಿಗೆ ಶರಣಾದೆವು. ಆ ಪೊಟ್ಟಣವನ್ನು ಯಾವುದೋ ಮಗುವಿನ ಹಳೆಯ ಲೆಕ್ಕದ ಹಾಳೆಯಿಂದ ಮಾಡಿದ್ದರು. ಅಕ್ಷರ ನಮಗೆ ಬಾರದು, ಅಂಕಿ ಬಂದೀತಲ್ಲ. ಒಂದು ಕೂಡುವ ಲೆಕ್ಕ ಸರಿಯಿದ್ದರೂ ತಪ್ಪು ಹಾಕಿದ್ದರು. ಅಕ್ಕ ಹಾಳೆ ಬಿಡಿಸಿ ನನ್ನ ಮುಂದೆ ಹಿಡಿದರು. "ಸರಿ ಮಾಡ್ಬುಡಿ ಟೀಚರಮ್ಮ, ಪಾಪ." ನನ್ನ ಕೈಚೀಲದಲ್ಲಿ ಕೆಂಪು ಪೆನ್ನು ಇನ್ನೂ ಇತ್ತು. ರೈಟು ಹಾಕಿ ಕೊಟ್ಟೆ. ಅವರು ಅದನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡರು. ಅಷ್ಟು ಸಂತೋಷವಾಗಿದ್ದವರು ನಾವು...

ಕ್ಯಾಂಡಿಯ ಸ್ಟೇಷನ್ನಿನಲ್ಲಿ ಎಲ್ಲ ಕೆಟ್ಟಿತು. ಕೆಡಿಸಿದ್ದು ನಾನು.

ಬೆಟ್ಟ ಹತ್ತುವ ರೈಲಿಗೆ ರಿಸರ್ವೇಷನ್ ಸಿಕ್ಕಿರಲಿಲ್ಲ. ಸಿಕ್ಕ ಸೀಟಿನಲ್ಲಿ ಕೂರುವ ಟಿಕೆಟ್ಟು. ಪ್ಲಾಟ್‌ಫಾರ್ಮ್ ತುಂಬ ಬೆನ್ನಿಗೆ ಚೀಲ ಹೊತ್ತ ಬಿಳಿಯರು, ಜೊತೆಗೆ ಊರಿನವರು. ರೈಲು ನಿಧಾನಕ್ಕೆ ಒಳಬರುತ್ತಿದ್ದಂತೆ ಪಕ್ಕದಲ್ಲಿದ್ದ ಅಕ್ಕ ಮಾಯ. ನೋಡಿದರೆ ನೆರಿಗೆ ಸಿಕ್ಕಿಸಿ ರೈಲಿನ ಜೊತೆಗೆ ಓಡುತ್ತಿದ್ದಾರೆ. ಟವೆಲ್ಲು ಕಿಟಕಿಯೊಳಕ್ಕೆ ಹಾರಿತು. ನಾನು ಜನರ ನಡುವೆ ನುಗ್ಗಿ ಒಳಗೆ ಹೋಗುವ ಹೊತ್ತಿಗೆ ಜಗಳ ಶುರುವಾಗಿತ್ತು. ಬಿಳಿಯ ಹುಡುಗಿಯೊಬ್ಬಳು ಟವೆಲ್ಲನ್ನು ಪಕ್ಕಕ್ಕೆ ಸರಿಸಿ ಆ ಸೀಟಿನಲ್ಲಿ ಕೂತಿದ್ದಳು. ಅಕ್ಕ ಅವಳೆದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಟವಲ್ ಆಕಿವ್ನಿ ಕಣವ್ವ, ಕಾಣಕಿಲ್ವಾ? ನಮ್ ಟೀಚರಮ್ಮಂಗೆ ಮಂಡಿ ನೋವು. ಅವ್ರು ನಿಂತ್ಕಳಕಾಗಕಿಲ್ಲ, ಏಳವ್ವ ತಾಯಿ." ಸುತ್ತಲಿನವರು ನಗುತ್ತಿದ್ದರು. ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಹುಡುಗಿ ನನ್ನನ್ನು ನೋಡಿ, ಇವರು ನಿಮ್ಮ ಜೊತೆಯವರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮೂವತ್ತು ವರ್ಷ ಇಂಗ್ಲಿಷ್ ಹೇಳಿಕೊಟ್ಟವಳು ನಾನು. ಆ ಹುಡುಗಿಯ ಮುಂದೆ ನನ್ನ ಮರ್ಯಾದೆ ಹೋಗುತ್ತಿದೆ ಎಂದು ಮೈಯೆಲ್ಲ ಉರಿಯಿತು. ಅಕ್ಕನ ಕಡೆ ತಿರುಗಿ ಕನ್ನಡದಲ್ಲಿ ಸಿಡುಕಿದೆ. "ಸಾಕು ಮಾಡಿ ಅಕ್ಕ! ಇದೇನು ನರಸೀಪುರದ ಬಸ್ ಸ್ಟ್ಯಾಂಡ್ ಅಂದ್ಕೊಂಡ್ರಾ? ಎಲ್ಲಿ ಹೋದ್ರೂ ಅದೇ ಹಳ್ಳಿ ಬುದ್ಧಿ. ನಿಮ್ಮನ್ನ ಕರ್ಕೊಂಡು ಬಂದಿದ್ದೇ ನನ್ನ ತಪ್ಪು."

ಆ ಬೋಗಿಯಲ್ಲಿ ಈ ಮಾತು ಅರ್ಥವಾದದ್ದು ಒಬ್ಬರಿಗೇ.

ಅಕ್ಕ ಟವೆಲ್ಲು ಎತ್ತಿಕೊಂಡು ಮಡಿಸಿದರು. "ತಪ್ಪಾಯ್ತು ಬುಡಿ ಟೀಚರಮ್ಮ" ಎಂದರು, ಅಷ್ಟೇ. ಹುಡುಗಿ ಒಳ್ಳೆಯವಳು. ನನ್ನ ಮಂಡಿ ನೋಡಿಯೋ ಬಿಳಿ ಕೂದಲು ನೋಡಿಯೋ ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟಳು. ನಾನು ಕೂತೆ! ಅಷ್ಟೆಲ್ಲ ಅಂದವಳು ಅದೇ ಸೀಟಿನಲ್ಲಿ ಹೋಗಿ ಕೂತೆ. ಎದುರಿಗಿದ್ದ ಲಂಕೆಯ ಹಿರಿಯರೊಬ್ಬರು ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು. "ನಮ್ಮಲ್ಲೂ ಕರ್ಚೀಫು ಹಾಕಿದರೆ ಸೀಟು ಅವರದೇ ಮೇಡಂ, ಆ ಅಮ್ಮನ ತಪ್ಪೇನೂ ಇರಲಿಲ್ಲ." ಆಗ ಸುತ್ತ ನೋಡಿದೆ. ಒಂದು ಸೀಟಿನ ಮೇಲೆ ಕೊಡೆ, ಇನ್ನೊಂದರ ಮೇಲೆ ಕರ್ಚೀಫು. ಅವರವರ ಜನ ಬಂದು ಎತ್ತಿಕೊಂಡು ಕೂರುತ್ತಿದ್ದರು, ಯಾರೂ ನಗುತ್ತಿರಲಿಲ್ಲ.

ಅಕ್ಕ ಬಾಗಿಲ ಹತ್ತಿರ ನಿಂತರು. ನಾಲ್ಕು ಗಂಟೆ ನಿಂತೇ ಇದ್ದರು. ನಡುವೆ ಎರಡು ಸಲ ಪಕ್ಕದ ಸೀಟು ಖಾಲಿಯಾಯಿತು, ಕರೆದೆ. "ಇಲ್ಲೇ ಚೆಂದಾಗದೆ, ನೀವ್ ಕೂತ್ಕಳಿ" ಎಂದರು. ಟೀ ತೋಟಗಳು ಬಂದವು, ಜಲಪಾತ ಬಂತು, ಅವರು ಹೇಳಿದ್ದ ಮೋಡ ನಿಜವಾಗಿಯೂ ಬೋಗಿಯೊಳಕ್ಕೆ ಬಂತು. ಟವೆಲ್ಲನ್ನು ತಲೆಗೆ ಬಿಗಿದು ಕಟ್ಟಿಕೊಂಡು ಆಚೆ ನೋಡುತ್ತಿದ್ದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಎದ್ದು ಹೋಗಿ ಪಕ್ಕದಲ್ಲಿ ನಿಂತಿದ್ದರೆ ಮುಗಿಯುತ್ತಿತ್ತು. ಮಂಡಿ ನೋವು ಎಂದು ನೆಪ ಹೇಳಿಕೊಂಡೆ... ಮಂಡಿಯಲ್ಲ, ಜಂಬ.

ಊರಿಗೆ ಬಂದ ಮೇಲೆ ಮಿಲ್ಲಿನಲ್ಲಿ ತಿಂಗಳುಗಟ್ಟಲೆ ಶ್ರೀಲಂಕಾದ್ದೇ ಮಾತು. ಸೀಗಡಿಯ ಮೀಸೆಯನ್ನು ಅಭಿನಯಿಸಿ ತೋರಿಸುವರು, ಜನ ಹೊಟ್ಟೆ ಹಿಡಿದುಕೊಂಡು ನಗುವರು. ಒಂದು ದಿನ ನಾನು ಡಬ್ಬ ಹಿಡಿದು ಬಾಗಿಲಿಗೆ ಬಂದಾಗ ಬೆಟ್ಟದ ರೈಲಿನ ಕತೆ ನಡೆದಿತ್ತು. ಅವರು ನನ್ನನ್ನು ನೋಡಿರಲಿಲ್ಲ. "ಕಾಲಿಡಾಕ್ ಜಾಗಿಲ್ಲ ಕಣ್ರವ್ವ. ನಮ್ ಟೀಚರಮ್ಮ ಟಸಪುಸ ಅಂತ ಇಂಗ್ಲೀಸಲ್ಲಿ ಮಾತಾಡಿ ನಂಗೆ ಕಿಟ್ಕಿ ಸೀಟು ಕೊಡ್ಸುದ್ರು. ಮಾರಾಣಿ ಅಂಗೆ ಕೂತ್ಕಂಡ್ ಓದೆ" ಎನ್ನುತ್ತಿದ್ದರು. ನಾನು ಡಬ್ಬವನ್ನು ಹೊರಗೇ ಇಟ್ಟು ಮನೆಗೆ ಬಂದು ಅತ್ತೆ. ಕ್ಷಮೆ ಕೇಳಬೇಕೆಂದುಕೊಂಡೆ. ನಾಳೆ ಎಂದುಕೊಂಡೆ. ಎದುರಿಗೆ ಸಿಕ್ಕಾಗೆಲ್ಲ ಅವರು ಮೊದಲಿನಂತೆಯೇ ಮಾತಾಡಿಸುತ್ತಿದ್ದರು. ಅದರಿಂದಾಗಿ ಇನ್ನೂ ಕಷ್ಟವಾಯಿತು. ಬದಲಾದದ್ದು ಒಂದೇ. ಪೆನ್ಷನ್ ಕೆಲಸಕ್ಕೆಂದು ನರಸೀಪುರಕ್ಕೆ ಹೋದ ದಿನ ಅದೇ ಸಂಜೆಯ ಬಸ್ಸಿನಲ್ಲಿ ಸಿಕ್ಕಿದ್ದರು. ಟವೆಲ್ಲು ಅವರ ತಲೆಯ ಮೇಲೆಯೇ ಇತ್ತು. ಇಬ್ಬರೂ ನಿಂತುಕೊಂಡು ಬಂದೆವು.

ಮುಂದಿನ ವರ್ಷ ಅವರಿಗೆ ಕೆಮ್ಮು ಹಿಡಿಯಿತು. ಅಷ್ಟು ವರ್ಷ ಕುಡಿದ ಹಿಟ್ಟಿನ ದೂಳು ಎದೆಗೆ ಇಳಿದಿದೆ ಎಂದರಂತೆ ಡಾಕ್ಟರು. ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಗುರುವಾರ ಅಕ್ಕನೇ ಫೋನು ಮಾಡಿದ್ದರು. ಉಸಿರು ಸಾಲುತ್ತಿರಲಿಲ್ಲ. "ಪುರಸೊತ್ತಾದ್ರೆ ಒಂದ್ಸಲ ಬಂದೋಗಿ ಟೀಚರಮ್ಮ." ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ ಎಂದೆ. ಕ್ಯಾಂಡಿಯ ಮಾತನ್ನು ಅಂದು ಆಡಿಯೇ ಬಿಡಬೇಕೆಂದು ರಾತ್ರಿಯೆಲ್ಲ ಮನಸ್ಸಿನಲ್ಲಿ ಹೊಂದಿಸಿಕೊಂಡೆ.

ಭಾನುವಾರ ಹುಣ್ಣಿಮೆ. ದೇವಸ್ಥಾನಕ್ಕೆ ಬಂದವರೆಲ್ಲ ಸ್ಟೇಷನ್ನಿನಲ್ಲಿದ್ದರು. ರೈಲು ಬಂದು ನಿಂತಿತು. ಹತ್ತಬಹುದಿತ್ತು, ಆದರೆ ಸೀಟಿರಲಿಲ್ಲ. ಮೈಸೂರಿನವರೆಗೆ ಯಾರು ನಿಲ್ಲುತ್ತಾರೆ ಎಂದು ಹಿಂದೆ ಸರಿದೆ. ಬಸ್ ಸ್ಟ್ಯಾಂಡಿಗೆ ಬಂದು, ತುಂಬಿದ ಎರಡು ಬಸ್ಸು ಬಿಟ್ಟು, ಖಾಲಿ ಬಸ್ಸಿಗೆ ಕಾದು, ಕಿಟಕಿಯ ಪಕ್ಕ ಕೂತು ಹೋದೆ.

ವಾರ್ಡಿಗೆ ಹೋದಾಗ ಹನ್ನೊಂದೂವರೆ. ಅಕ್ಕನ ಮಂಚದ ಮೇಲೆ ಹಾಸಿಗೆಯ ಬಟ್ಟೆ ತೆಗೆದಿದ್ದರು. ಪಕ್ಕದ ಸ್ಟೂಲಿನ ಮೇಲೆ ಕೆಂಪು ಚೌಕಳಿಯ ಟವೆಲ್ಲು ನೀಟಾಗಿ ಹಾಸಿತ್ತು. ಮುಂದಿನ ಮಂಚದ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೇನಾ ಟೀಚರಮ್ಮ? ಅತ್ತು ಗಂಟೇಲಿ ಓಗ್ಬುಟ್ರು ಕಣವ್ವ. ಅವ್ರ ತಮ್ಮ ಕಾಗ್ದಕ್ಕೆ ರುಜು ಆಕಾಕ್ ಓಗವ್ರೆ. ಒತ್ತಾರೇನೆ ಆ ಟವಲ್ನ ಸ್ಟೂಲ್ ಮ್ಯಾಲೆ ಆಕುಸ್ಕಂಡ್ರು. ತಮ್ಮನ್ನೂ ಕೂರಾಕ್ ಬುಡ್ನಿಲ್ಲ. ನಮ್ ಟೀಚರಮ್ಮಂಗೆ ಮಂಡಿ ನೋವು, ಮೈಸೂರ್ಗಂಟ ರೈಲಲ್ಲಿ ನಿಂತ್ಕಂಡ್ ಬಂದಿರ್ತರೆ, ಅವ್ರು ಕೂರ್ಲಿ ಅಂದ್ರು."

ಅವತ್ತು ನಾನು ಆ ಸ್ಟೂಲಿನ ಮೇಲೆ ಕೂರಲಿಲ್ಲ. ಕೂರಲು ಆಗಲಿಲ್ಲ. ಟವೆಲ್ಲನ್ನು ಅವರ ತಮ್ಮ ನನಗೇ ಕೊಟ್ಟ. ಬೀರುವಿನಲ್ಲಿದೆ, ಒಗೆದಿಲ್ಲ. ಡಬ್ಬ ಇಟ್ಟರೆ ಆಳೇ ನಿಂತ ಹಾಗೆ ಎನ್ನುತ್ತಿದ್ದರಲ್ಲ, ಅವರ ಲೆಕ್ಕದಲ್ಲಿ ನಾನು ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲೇ ಕೂತಿದ್ದೆ. ಅವರು ಹಾಗೆಂದುಕೊಂಡೇ ಹೋಗಿರಲಿ ಎಂದು ಬೇಡಿಕೊಳ್ಳುತ್ತೇನೆ. ನನಗೆ ಮಾತ್ರ ಆ ಲೆಕ್ಕಕ್ಕೆ ರೈಟು ಹಾಕಲು ಬರುವುದಿಲ್ಲ.

ರೈಲ್ವೆ ಗೇಟಿನ ಮಿಲ್ಲು ಮುಚ್ಚಿ ನಾಲ್ಕು ವರ್ಷವಾಯಿತು. ಈಗ ರಾಗಿಗೆ ಪೇಟೆಯ ಇನ್ನೊಂದು ಮಿಲ್ಲಿಗೆ ಹೋಗುತ್ತೇನೆ. ಮೊನ್ನೆ ಸಾಲು ಉದ್ದವಿತ್ತು. ಮಿಲ್ಲಿನವರು ನನ್ನ ವಯಸ್ಸು ನೋಡಿ, "ಡಬ್ಬ ಇಟ್ಟು ಮನೆಗೆ ಓಗಿ ಬನ್ನಿ ಟೀಚರಮ್ಮ, ಇನ್ನೂ ಒಂದ್ ಗಂಟೆ ಆಯ್ತದೆ" ಎಂದರು. ಬೇಡಪ್ಪ, ಇಲ್ಲೇ ಇರುತ್ತೇನೆ ಎಂದೆ. ಮಂಡಿ ನೋಯುತ್ತಿತ್ತು. ನನ್ನ ಸರದಿ ಬರುವವರೆಗೆ ಡಬ್ಬದ ಪಕ್ಕದಲ್ಲಿ ನಿಂತೇ ಇದ್ದೆ.