ದನದ ಡಾಕ್ಟ್ರ ಕಾರನ್ನು ನನ್ನದಾಗಿಸಿಕೊಂಡದ್ದು

ಮೂವತ್ತು ವರ್ಷದಿಂದ ಆಲ್ದೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಅಂಟಿಸುವ ಸಾಮಾನು ಬೇಕಾದರೆ ನನ್ನಲ್ಲಿ ಬನ್ನಿ. ಮರಕ್ಕೆ ಬೇರೆ, ಪೈಪಿಗೆ ಬೇರೆ, ಚಪ್ಪಲಿಗೆ ಬೇರೆ, ಒಮ್ಮೆ ತಾಗಿದರೆ ಬೆರಳಿನ ಚರ್ಮವನ್ನೂ ಬಿಡದ ಚಿಕ್ಕ ಟ್ಯೂಬು ಬೇರೆ. ಆದರೆ ಅಂಟಿದ್ದನ್ನು ಬಿಡಿಸಲು ಏನಾದರೂ ಕೊಡಿ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ. ಈ ಕೊರತೆ ನನ್ನ ಗಮನಕ್ಕೆ ಬಂದದ್ದು ಐವತ್ತೇಳನೇ ವಯಸ್ಸಿನಲ್ಲಿ, ಜೀವನದ ಮೊದಲ ಕಾರು ಕೊಂಡ ಮೇಲೆ.

ಕಾರು ಹೊಸದೇನಲ್ಲ. ನಮ್ಮೂರಿನ ದನದ ಡಾಕ್ಟ್ರು ನಿವೃತ್ತರಾದ ಮೇಲೂ ಆರೇಳು ವರ್ಷ ಓಡಿಸಿ, ಮಂಡಿನೋವಿನಿಂದ ಕ್ಲಚ್ ಒತ್ತಲಾಗದೆ ಮಾರಿದ ಕೆಂಪು ಕಾರು. ಅವರಿಗೆ ಪರಮೇಶ್ವರಪ್ಪ ಅಂತ ಒಂದು ಹೆಸರಿದೆ, ಪಿಂಚಣಿ ಕಾಗದ ಬಿಟ್ಟರೆ ಅದನ್ನು ಬೇರೆ ಯಾರೂ ಬಳಸಿದ್ದು ಕಾಣೆ. ಬಾನೆಟ್ಟಿನ ಮೇಲೆ ಅಂಗೈ ಅಗಲದ ಲಾಂಛನ: ಇಂಗ್ಲಿಷಿನ ವಿ ಅಕ್ಷರ, ನಡುವೆ ಒಂದು ಕೋಲು, ಕೋಲಿಗೆ ಸುತ್ತಿಕೊಂಡ ಹಾವು. ಪಶುವೈದ್ಯರ ಗುರುತು. ಕಾರು ಮನೆಗೆ ಬಂದ ದಿನ ನನ್ನ ಹೆಂಡತಿ ಗಿರಿಜ ಆರತಿ ಎತ್ತಿ, ಹಾವಿನ ನೆತ್ತಿಗೂ ಭಕ್ತಿಯಿಂದ ಕುಂಕುಮವಿಟ್ಟಳು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ಈ ಕಾರಿನ ಹಿಂದೆ ನನ್ನದೊಂದು ಹಳೆಯ ಆಸೆಯಿತ್ತು. ಹುಟ್ಟಿದಾಗಿನಿಂದ ಈ ಊರಿಗೆ ನಾನು ಬಸಪ್ಪನವರ ಮಗ. ಮದುವೆಯಾದ ಮೇಲೆ ಗಿರಿಜ ಟೀಚರ್ ಮನೆಯವ್ರು. ಅರ್ಧ ಊರಿಗೆ ಮಗ್ಗಿ ಕಲಿಸಿದವಳು ಅವಳು, ಅದಕ್ಕೆ ನನ್ನ ತಕರಾರಿಲ್ಲ. ಆದರೂ ಮಲ್ಲಿಕಾರ್ಜುನ ಎಂಬ ಐದಕ್ಷರದ ಹೆಸರನ್ನು ಹೊತ್ತು ತಿರುಗಿದವನಿಗೆ, ಒಂದು ಸಲವಾದರೂ 'ಅಗೋ ಮಲ್ಲಣ್ಣ ಬಂದ್ರು' ಅಂತ ಅನ್ನಿಸಿಕೊಳ್ಳಬೇಕು ಅನ್ನಿಸುವುದಿಲ್ಲವೇ? ನಮ್ಮ ಎಸ್ಟೇಟ್ ರಸ್ತೆಗಳಲ್ಲಿ ಎದುರು ಬಂದ ಗಾಡಿಗೆ ಕೈ ಎತ್ತುವುದು ರೂಢಿ. ಒಳಗಿರುವ ಮುಖ ಕಾಣುವ ಮೊದಲೇ ಗಾಡಿಯ ಗುರುತಿನ ಮೇಲೆ ಕೈ ಮೇಲೇಳುತ್ತದೆ. ಹಾಗೆ ನನಗಾಗಿ ಎದ್ದ ನಾಲ್ಕು ಕೈ ನೋಡಬೇಕಿತ್ತು, ಅಷ್ಟೇ.

ಕೈಗಳೇನೋ ಎದ್ದವು. ಬಾಳೆಹೊನ್ನೂರು ರಸ್ತೆಗೆ ಇಳಿದ ಮೊದಲ ದಿನವೇ ಹತ್ತು ಹನ್ನೆರಡು ಕೈ ಎದ್ದವು, ಕಾರು ಹತ್ತಿರ ಬಂದು ಗಾಜಿನೊಳಗೆ ನನ್ನ ಮುಖ ಕಂಡ ಕೂಡಲೇ ಅಷ್ಟೂ ಇಳಿದವು. ಕೈಯ ಜೊತೆಗೆ ಮುಖವೂ ಇಳಿಯುತ್ತಿತ್ತು. ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ನನ್ನ ಕಾರನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, ತಲೆ ತಗ್ಗಿಸಿಕೊಂಡೇ ತನ್ನ ಎಮ್ಮೆಯ ಸಗಣಿಯ ಬಣ್ಣ, ಹದ, ವಾಸನೆ ಎಲ್ಲವನ್ನೂ ವಿವರವಾಗಿ ವರ್ಣಿಸಿದ. ಆಮೇಲೆ ತಲೆ ಎತ್ತಿ, "ಅಯ್ಯೋ, ನೀವಾ? ಟೀಚರ್ ಮನೆಯವ್ರು!" ಅಂದ. ನಾಯಿಗಳ ಪಾಡು ಇನ್ನೊಂದು ಥರ. ಕಾರಿನ ಸದ್ದು ಕೇಳಿದರೆ ಸಾಕು, ಬಾಗಿಲು ಕಾಯುವ ದೊಡ್ಡ ದೊಡ್ಡ ನಾಯಿಗಳು ಇಂಜೆಕ್ಷನ್ ನೆನೆಸಿಕೊಂಡು ಕಾಫಿ ಗಿಡದ ಬುಡ ಸೇರುತ್ತಿದ್ದವು.

ಲಾಂಛನ ಕಿತ್ತುಬಿಡುವುದೆಂದು ತೀರ್ಮಾನಿಸಿದೆ. "ನಾಗಪ್ಪನ್ನ ಕೀಳ್ತೀರಾ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದಳು ಗಿರಿಜ. ಅದು ನಾಗಪ್ಪನಲ್ಲ, ಬರೀ ಪ್ಲಾಸ್ಟಿಕ್ಕು ಎಂದು ನಾನು ವಿಚಾರವಾದಿಯಾದೆ.

ಮೊಬೈಲಿನಲ್ಲಿ ನೋಡಿದರೆ ಕೆಲಸ ಸುಲಭ. ತಲೆಗೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿಯಬೇಕು, ಅಂಟು ಮೆತ್ತಗಾದ ಮೇಲೆ ಹಿಂದಿನಿಂದ ದಾರ ತೂರಿಸಿ ಗರಗಸದ ಹಾಗೆ ಎಳೆಯಬೇಕು. ಮಗಳು ಬಿಟ್ಟುಹೋದ ಯಂತ್ರವನ್ನು ಅಂಗಡಿಯ ಪ್ಲಗ್ಗಿಗೆ ಸಿಕ್ಕಿಸಿದೆ. ಎರಡು ನಿಮಿಷಕ್ಕೆ ಕರೆಂಟು ಹೋಯಿತು. ಮಧ್ಯಾಹ್ನದ ಬಿಸಿಲಿಗೆ ಕಾರು ನಿಲ್ಲಿಸಿ, ಕಾಫಿ ಚೀಲ ಹೊಲಿಯುವ ದಾರ ತೆಗೆದುಕೊಂಡು ಎಳೆಯತೊಡಗಿದೆ. ದಾರ ಎರಡು ಸಲ ತುಂಡಾಯಿತು. ಮೂರನೇ ಸಲ ಮೀನಿನ ಗಾಳದ ದಾರ ಹಾಕಿದಾಗ ಹಾವು ಬಾಲದ ಕಡೆಯಿಂದ ಮೆಲ್ಲಗೆ ಎದ್ದು ಕೈಗೆ ಬಂತು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಹೌದು, ಅಷ್ಟು ಹೊತ್ತಿಗೆ ಅಂಗಡಿ ಮುಂದೆ ಐದಾರು ಜನ ಸೇರಿಯಾಗಿತ್ತು. ವ್ಯಾಪಾರಕ್ಕೆ ಬಾರದವರೆಲ್ಲ ಸಲಹೆಗೆ ಬಂದಿದ್ದರು.

ಲಾಂಛನ ಬಂತು, ಅಂಟು ಬರಲಿಲ್ಲ. ವಿ ಆಕಾರದಲ್ಲೇ ಕಪ್ಪಗೆ, ಮೊಂಡಾಗಿ ಕೂತಿತ್ತು. ಹೆಬ್ಬೆರಳಿನಿಂದ ಉಜ್ಜಿದೆ. ಚಕ್ಕುಲಿ ಚೂರಿನ ಹಾಗೆ ಸ್ವಲ್ಪ ಸುರುಳಿ ಎದ್ದಿತು, ಹೆಬ್ಬೆರಳಿನ ಚರ್ಮ ಅದಕ್ಕಿಂತ ಹೆಚ್ಚು ಎದ್ದಿತು. ಸೀಮೆಎಣ್ಣೆ ಹಚ್ಚಿದೆ. ಅಂಟು ಹಾಗೇ ಇತ್ತು, ವಾಸನೆಯೂ ಬಂದು ಸೇರಿಕೊಂಡಿತು. ಆಗ ನನ್ನೊಳಗಿನ ವ್ಯಾಪಾರಿ ಎದ್ದ. ಅಂಗಡಿಯ ಥಿನ್ನರ್ ಡಬ್ಬಿ ತೆರೆದು ಹತ್ತಿಯಲ್ಲಿ ಅದ್ದಿ ಒಂದು ತುದಿಗೆ ಒತ್ತಿದೆ. ಹತ್ತಿ ಕೆಂಪಾಯಿತು. ಅಂಟು ಬಿಡುತ್ತಿದೆ ಎಂದು ಹಿಗ್ಗಿದವನಿಗೆ, ಬಿಡುತ್ತಿರುವುದು ಕಾರಿನ ಬಣ್ಣ ಎಂದು ತಿಳಿಯಲು ತುಸು ಹೊತ್ತು ಹಿಡಿಯಿತು. 'ಬಣ್ಣದ ಮೇಲೆ ಹಾಕ್ಬೇಡಿ' ಎಂದು ಗಿರಾಕಿಗಳಿಗೆ ಮೂವತ್ತು ವರ್ಷ ಹೇಳಿದವನು ನಾನೇ.

ಯೋಚಿಸಿ ನೋಡಿ, ನಮ್ಮ ಜಿಲ್ಲೆ ಬದುಕಿರುವುದೇ ಬಿಡಿಸುವ ಕಸುಬಿನಿಂದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತೇವೆ, ಒಳಗಿನ ಲೋಳೆಯನ್ನು ಕೊಳೆಸಿ ತೊಳೆಯುತ್ತೇವೆ, ಹೊಟ್ಟಿನ ಸಮೇತ ಒಣಗಿಸಿದ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಕಳಿಸಿ ಮೇಲಿನ ಹೊಟ್ಟನ್ನೂ ತೆಗೆಸುತ್ತೇವೆ. ಒಂದು ಬೀಜದ ಮೈಯಿಂದ ಇಷ್ಟು ಪದರ ಕಳಚುವ ಊರಿನಲ್ಲಿ ಹುಟ್ಟಿ, ಒಂದು ಅಕ್ಷರ ಕಳಚಲಾರದೆ ಬಿಸಿಲಲ್ಲಿ ನಿಂತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಶಾಲೆ ಮುಗಿಸಿ ಬಂದ ಗಿರಿಜ ಕಾರನ್ನೂ ನನ್ನನ್ನೂ ಒಮ್ಮೆ ನೋಡಿ, "ಹಲಸಿನ ಹಣ್ಣು ಬಿಡಿಸೋಕೆ ಕೂತಾಗ ಕೈಗೆ ಎಂತ ಹಚ್ಕೊಳ್ತೀರಿ?" ಎಂದಳು. ಕೊಬ್ಬರಿ ಎಣ್ಣೆ! ಪ್ರತಿ ಬೇಸಿಗೆಯಲ್ಲೂ ಮೊಣಕೈತನಕ ಮೇಣ ಮೆತ್ತಿಕೊಂಡು ಅದರಲ್ಲೇ ತಿಕ್ಕಿ ತೆಗೆಯುವವನಿಗೆ ಇದು ಹೊಳೆಯಬಾರದೇ? ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿದೆ. ಮತ್ತೆ ಸವರಿದೆ, ಮತ್ತೆ ಒರೆಸಿದೆ. ಸಂಜೆಯ ಹೊತ್ತಿಗೆ ಅಷ್ಟೂ ಅಂಟು ಹೋಯಿತು. ಸೋಪು ನೀರಿನಲ್ಲಿ ತೊಳೆದು ಪಾಲಿಶ್ ಹಚ್ಚಿದೆ.

ಹಚ್ಚಿ ಹಿಂದೆ ಸರಿದು ನೋಡಿದರೆ ವಿ ಅಲ್ಲೇ ಇದೆ! ಇಷ್ಟು ವರ್ಷದ ಬಿಸಿಲಿಗೆ ಸುತ್ತಲಿನ ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ಬಂದಿತ್ತು. ಲಾಂಛನದ ಅಡಿಯಲ್ಲಿದ್ದ ಜಾಗ ಮಾತ್ರ ಶೋರೂಮಿನಿಂದ ಈಗ ಬಂದಂತೆ ಹೊಳೆಯುತ್ತಿತ್ತು. ಕೋಲು, ಹಾವು, ಹಾವಿನ ಹೆಡೆ, ಎಲ್ಲವೂ ಮೊದಲಿಗಿಂತ ಸ್ಪಷ್ಟ. "ನಾಗಪ್ಪ ಎಲ್ಲಿ ಹೋಗ್ತಾನೆ?" ಎಂದು ಗಿರಿಜ ಕೈ ಮುಗಿದಳು.

ಆದರೆ ನಾನು ಹಟ ಬಿಡಲಿಲ್ಲ. ಆ ಜಾಗದ ಮೇಲೆ ಅಷ್ಟಗಲಕ್ಕೆ ಕೆಂಪು ರೇಡಿಯಂ ಹಾಳೆ ಅಂಟಿಸಿ, ಭಾನುವಾರ ಬೆಳಿಗ್ಗೆ ಮತ್ತೆ ಬಾಳೆಹೊನ್ನೂರು ರಸ್ತೆ ಹಿಡಿದೆ. ಮೊದಲ ತಿರುವಿನ ನಾಯಿ ಎಂದಿನಂತೆ ಓಡಿಹೋಯಿತು. ನಾಯಿಗೆ ಇಂಗ್ಲಿಷ್ ಬರುವುದಿಲ್ಲ, ಅದು ಓದಿಕೊಂಡು ಓಡುತ್ತಿರಲಿಲ್ಲ ಎಂದು ಆಗ ಹೊಳೆಯಿತು. ಮುಂದಿನ ತಿರುವಿನಲ್ಲಿ ವಯಸ್ಸಾದ ಹೆಂಗಸೊಬ್ಬರು ರಸ್ತೆಯ ನಡುವೆಯೇ ಕೈ ಅಡ್ಡ ಹಿಡಿದು ನಿಂತಿದ್ದರು. ದೇವೀರಮ್ಮ ಎಂದು, ಎರಡು ಎಕರೆ ಕಾಫಿ, ಒಂದೇ ಹಸು. ಅದು ಬೆಳಗಿನ ಜಾವದಿಂದ ತಿಣುಕುತ್ತಿದೆ, ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದಿದೆ.

"ನಾನು ಡಾಕ್ಟ್ರಲ್ಲಮ್ಮ. ನೋಡಿ, ಗುರುತೂ ಕಿತ್ತು ಹಾಕಿದೀನಿ," ಎಂದೆ.

ಅವರು ಬಾನೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. "ಗುರುತು ಯಾರು ನೋಡಿದ್ರು ಮಾರಾಯ್ರೆ? ಈ ಕಾರು ಕೈ ಅಡ್ಡ ಹಿಡಿದ್ರೆ ನಿಲ್ಲುತ್ತೆ. ಬೇರೇವು ಹಾರನ್ ಹೊಡ್ಕೊಂಡು ಹೋಗ್ತವೆ. ಅದಕ್ಕೆ ನಿಂತಿದ್ದು."

ನನಗೆ ನಾಚಿಕೆಯಾಯಿತು. ಇಷ್ಟು ದಿನ ಎದ್ದ ಕೈಗಳ ಲೆಕ್ಕ ನಾನು ತಪ್ಪಾಗಿ ಹಾಕಿದ್ದೆ; ಅವು ಎದ್ದದ್ದು ಗುರುತಿಗಲ್ಲ, ಕರೆದರೆ ನಿಲ್ಲುವ ಕಾರಿಗೆ. ಕಾರು ತಿರುಗಿಸಿ ಆಲ್ದೂರಿಗೆ ಹಾರಿಸಿಕೊಂಡು ಬಂದೆ. ಡಾಕ್ಟ್ರು ತಿಂಡಿ ತಟ್ಟೆ ಬಿಟ್ಟು ಎದ್ದರು, ಮಂಡಿ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಹಸುವಿನ ಕೊಟ್ಟಿಗೆಯಲ್ಲಿ ಅವರಿಗೆ ಆಸರೆಯಿಲ್ಲದೆ ಬಗ್ಗಲಾಗಲಿಲ್ಲ. ಕೈ ಹಾಕಿ ಕರುವನ್ನು ಸರಿಪಡಿಸಿದ್ದು ಅವರು, ಅವರು ಬೀಳದಂತೆ ಸೊಂಟ ಹಿಡಿದು ನಿಂತದ್ದು ನಾನು. ಆಮೇಲೆ, "ಹೂಂ, ಎಳಿ ಮಲ್ಲಣ್ಣ, ಅದು ತಿಣುಕಿದಾಗ ಎಳಿ," ಅಂದರು. ನನ್ನ ಹೆಸರು ಅಷ್ಟು ಗಟ್ಟಿಯಾಗಿ ಕೇಳಿದ್ದು ಆ ದಿನವೇ, ಆದರೆ ಕಿವಿ ಕೊಡಲು ಪುರುಸೊತ್ತಿರಲಿಲ್ಲ. ಎಳೆದೆ. ಕರು ಬಂತು, ಅದರ ಜೊತೆ ನಾನೂ ಸಗಣಿಯಲ್ಲಿ ಕೂತೆ. ಕರು ಉಸಿರಾಡಿತು. ದೇವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನು ಬೆವರೊರೆಸಿಕೊಳ್ಳುವ ನೆಪ ಮಾಡಿದೆ.

ಮರುದಿನ ಬೆಳಿಗ್ಗೆ ಬಾಳೆಹೊನ್ನೂರು ಬಸ್ಸಿನ ಕಂಡಕ್ಟರು ಅಂಗಡಿ ಮುಂದೆ ಬಸ್ಸು ನಿಲ್ಲಿಸಿ ಎರಡು ಬಾಟಲಿ ಗಿಣ್ಣದ ಹಾಲು ಇಳಿಸಿದ. "ದೇವೀರಮ್ಮ ಕಳ್ಸಿದ್ದು. ದೊಡ್ಡದು ಡಾಕ್ಟ್ರಿಗಂತೆ, ಚಿಕ್ಕದು ಅವರ ಡ್ರೈವರ್‌ಗಂತೆ," ಎಂದು ಸೀಟಿ ಊದಿ ಹೊರಟ. ಬಸ್ಸಿನೊಳಗಿನ ಪರಿಚಿತರು ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. "ನಮ್ದು ಯಾವ್ದು?" ಎಂದಳು ಶಾಲೆಗೆ ಹೊರಟಿದ್ದ ಗಿರಿಜ, ನಗು ತಡೆದುಕೊಂಡು.

ನಾನು ತಡಮಾಡದೆ ಚಿಕ್ಕ ಬಾಟಲಿ ಎತ್ತಿಕೊಂಡೆ.