ಸೋದರಮಾವನಿಗೆ ಹೋದ ಖಾಲಿ ಮೇಲ್

ಇವತ್ತು ನೀರು ಹಿಡಿದೆ, ಮಾರಂಡಹಳ್ಳಿಯಿಂದ ಬಂದ ರಾಗಿ ಕೇರಿ ಗಿರಣಿಗೆ ಕೊಟ್ಟೆ, ಬಟ್ಟೆ ಮಡಿಸಿದೆ, ಮಗಳ ಮದುವೆ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಫೋಟೊ ತೆಗೆದೆ, ಮೆಟ್ಟೂರಿನ ಅಣ್ಣನಿಂದ ಮೂರು ಸಲ ಬೈಸಿಕೊಂಡೆ.

ಮಗಳು ಸೇಲಂನಲ್ಲೇ ಪತ್ರಿಕೆ ಅಚ್ಚು ಹಾಕುವ ಅಂಗಡಿಯೊಂದರ ವೆಬ್‌ಸೈಟ್ ನೋಡಿಕೊಳ್ಳುತ್ತಾಳೆ. ವಿಳಾಸಗಳ ಪಟ್ಟಿ ಕೊಟ್ಟು ಬಟನ್ ಒತ್ತಿದರೆ ನೆಂಟರಿಗೆಲ್ಲ ಪತ್ರಿಕೆ ಮೇಲ್‌ನಲ್ಲಿ ಹೋಗುತ್ತದೆ. ತನ್ನ ಮದುವೆಗೂ ಅದನ್ನೇ ಬಳಸಿದಳು. ನಮ್ಮಲ್ಲಿ ಮೊದಲ ಪತ್ರಿಕೆ ಹೆಣ್ಣಿನ ಸೋದರಮಾವನಿಗೆ. ಅವನು ಕೈಹಿಡಿದು ಕರೆತಂದರೇ ಹುಡುಗಿ ಮಂಟಪಕ್ಕೆ ಬರುವುದು. ಅವಳಿಗಿರುವ ಒಬ್ಬನೇ ಮಾವ ನನ್ನ ಅಣ್ಣ. ಆಫೀಸಿಗೆ ಬಂದ ಕಾಗದ, ಹೋದ ಕಾಗದ ಬರೆದಿಡುತ್ತಲೇ ರಿಟೈರಾದವನು.

ರಾಹುಕಾಲ ಶುರುವಾಗುತ್ತದೆಂದು ನಾನೇ ಅವಸರ ಮಾಡಿ ಅವನೊಬ್ಬನಿಗೆ ಮೊದಲು ಕಳುಹಿಸಿದೆ. ಮೇಲ್‌ಗೆ ಪತ್ರಿಕೆ ಲಗತ್ತಿಸುವ ಸಾಲನ್ನು ಮಗಳು ಪ್ರೋಗ್ರಾಮಿನಲ್ಲಿ ಇನ್ನೂ ಬರೆದಿರಲಿಲ್ಲ. ಅದನ್ನು ಅವಳು ಬರೆದಳು; ರಾಹುಕಾಲ ಕಳೆದ ಮೇಲೆ ಉಳಿದವರಿಗೆಲ್ಲ ಪತ್ರಿಕೆ ಸಮೇತ ಹೋಯಿತು. ಮೊದಲ ಮರ್ಯಾದೆಯವನಿಗೆ ಮಾತ್ರ ಖಾಲಿ. ಅಣ್ಣನ ಫೋನ್ ಬಂತು.

"ಲೇ, ಪತ್ರಿಕೆ ನೋಡಿ ಅಂತ ಬರ್ದೈತೆ, ಪತ್ರಿಕೆ ಎಲ್ಲೈತೆ? ನಂಗೆ ಬರೀ ಕವರ್ರಾ?"

ತಕ್ಷಣ ಪತ್ರಿಕೆ ಸೇರಿಸಿ ಇನ್ನೊಮ್ಮೆ ಕಳುಹಿಸಿದೆವು. ಮತ್ತೆ ಫೋನ್.

"ನಂಗೆ ಪತ್ರಿಕೆ ಬಂದಿದ್ದು ಅನ್ನೆರಡೂವರೆಗೆ. ನಂಗವಳ್ಳಿಯಾಗೆ ಕುರಿ ಮೇಯ್ಸೋ ನಿನ್ ಮೈದ್ನಂಗೆ ಅನ್ನೆರಡೂ ಐದು. ಕೇಳಿ ಬರ್ಕೊಂಡಿವ್ನಿ. ಅರಿಶಿನಾನೂ ಇಲ್ಲ, ಇದೇನ್ ತಿಥಿ ಕಾಗ್ದಾನಾ? ಅವ್ನೇ ಕರ್ಕೊಂಬರ್ಲಿ ಓಗು ಮಂಟಪಕ್ಕೆ!"

ಮಗಳ ಮುಖ ಸಣ್ಣದಾಯಿತು. "ಮಾವ ಬರಲ್ವಾಮ್ಮಾ?" ಎಂದಳು. ನಾನು ಅರಿಶಿನ ಕಲೆಸಲು ಎದ್ದೆ.

ಅವಳೇ ಹೇಳಿದಳು: "ಕಳಿಸಿದ ಟೈಮ್ ಸುಳ್ಳು ಮಾಡಕ್ಕಾಗಲ್ಲ. ಒಂದು ಹೆಡರ್ ಸೇರಿಸ್ತೀನಿ."

ಹೆಡರ್ ಎಂದರೆ ಮೇಲ್‌ನ ಹಿಂದೆ ಯಂತ್ರಗಳು ಓದಿಕೊಳ್ಳುವ ಸಾಲುಗಳಂತೆ. ಎಲ್ಲಿಂದ ಹೊರಟಿತು, ಯಾವಾಗ ತಲುಪಿತು ಎಲ್ಲ ಅದರಲ್ಲಿರುತ್ತದೆ. ನಮ್ಮದೂ ಒಂದು ಸಾಲು ಸೇರಿಸಬಹುದು, ಆದರೆ ಮನುಷ್ಯರ ಕಣ್ಣಿಗೆ ಅದು ಸುಲಭಕ್ಕೆ ಬೀಳುವುದಿಲ್ಲ. ಅವಳು ಇಂಗ್ಲಿಷ್ ಅಕ್ಷರದಲ್ಲಿ 'ಸೋದರಮಾವ: ಮೊದಲನೇ ಪತ್ರಿಕೆ' ಎಂದು ಬರೆದು, ಅರಿಶಿನದ ಫೋಟೊ ಲಗತ್ತಿಸಿ, ಮೂರನೇ ಮೇಲ್ ಬಿಟ್ಟಳು. ಯಾರೂ ನೋಡದ ಜಾಗದಲ್ಲಿ ಬರೆದ ಮರ್ಯಾದೆಯನ್ನು ಹೇಗೆ ಹುಡುಕಬೇಕೆಂದು ನಾನು ಫೋನಿನಲ್ಲಿ ಅಣ್ಣನಿಗೆ ಹೇಳಿಕೊಟ್ಟೆ. ಅರ್ಧ ಗಂಟೆ ಹುಡುಕಿದ. ಆಮೇಲೆ ಅವನೇ ಫೋನ್ ಮಾಡಿದ.

"ಐತೆ. ಎಣಿಸ್ದೆ, ಇಪ್ಪತ್ಮೂರ್ನೇ ಲೈನು. ಇದ್ನ ಮೊದ್ಲೇ ಆಕಕ್ಕೇನ್ ದಾಡಿ ನಿಮ್ಗೆ? ಮುದಲ್ ಮರಿಯಾದೈ ಅಂದ್ರೆ ರೆಕಾರ್ಡ್ನಾಗಿರ್ಬೇಕು."

"ಬತ್ತೀಯಾ ಅಣ್ಣಾ?"

"ಬರ್ದೆ ಇರ್ತೀನಾ? ನಾಳೀಕೆ ಸೇಲಂ ಬಸ್ ಅತ್ತೀನಿ, ಉಡ್ಗೀಗೆ ಸೀರೆ ತಗೀಬೇಕು." ಮತ್ತೆ ಕೇಳಿದ: "ನಂಗವಳ್ಳಿಯೋನ ಮೇಲ್ನಾಗೆ ಈ ಲೈನ್ ಐತಾ?"

"ಇಲ್ಲಣ್ಣ."

"ಇಲ್ಲ ಅಂತ ಅವ್ನಿಗೊಂದು ಮೇಲ್ ಆಕ್ಬುಡು."

ಹಾಕುತ್ತೇವೆ ಎಂದೆ. ಹಾಕಲಿಲ್ಲ.

ರಾತ್ರಿಗೆ ಅನ್ನ, ಹುರುಳಿಕಾಳಿನ ಸಾರು, ಸುಟ್ಟ ಹಪ್ಪಳ. ಮಗಳು ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡಳು, ಎಲ್ಲರಿಗಿಂತ ಮೊದಲು ಅವಳೇ ಮಲಗಿದಳು.